ಮೈನಾನ ಟೋಪಿ

ಕಂದೀಲ ಸಣ್ಣ ಮಾಡ್ರಿ. ಭಾಳ ಬೆಳಕಿದ್ರ ಇದನ್ನ ಹೇಳಾಕ ನನಗ ಬಾಯಿ ಬರೂದಿಲ್ಲ. ನಮ್ಮ ಚಿಗವ್ವನ ಮಗ ಬಸಗೊಂಡಗ ಆಗಿದ್ದು ಇದು. ಆವತ್ತು ನಾನೂ ಅವನ ಜೋಡಿ ಇದ್ದೆ.

ಅರವತ್ನಾಕನೇ ಇಸವಿ. ನನ್ನ ಉದಗಾಂವಕ್ಕ ಕೊಟ್ಟು ಭಾಳ ವರ್ಷ ಆಗಿತ್ತು. ಗಡಹಿಂಗ್ಲಜದಾಗ ನಮ್ಮ ಸಂಬಂಧಿಕರ ಮನ್ಯಾಗ ಕೂಸಿಗೆ ಹೆಸರಿಡೂದಿತ್ತು, ಹೋಗಿದ್ದೆ. ಊಟ ಮುಗದು ಮಾತು ಮುಗಿಯೂದ್ರಾಗ ಕಡೇ ಮೋಟಾರ ತಪ್ಪಿತು. ನಾನು, ಬಸಗೊಂಡ ಇಬ್ಬರೂ ಹೊಳಿ ದಾಟಿ ಅವನ ಊರಿನ ಹಾದಿ ಹಿಡದ್ವಿ. ಆ ಊರಿನ ಇನಾಮದಾರ ಸರಕಾರರ ವಾಡೇದ ಹಿಂದ ಒಂದು ಹಳೇ ಬಾವಿ. ಬಾವಿ ಮಗ್ಗಲಕ ಆಲದ ಗಿಡ. ಗಾಳಿ ಇರಲಿಲ್ಲ. ಒಂದು ಎಲಿ ಸೈತ ಅಲಗಲಿಲ್ಲ.

ಅಷ್ಟರಾಗ... ಚಿಂವ್.

ಹಕ್ಕಿ ಮರಿ ಕೂಗಿದಂಗ. ಸ್ವಲ್ಪ ತಡದು ಮತ್ತ... ಚಿಂವ್... ಚಿಂವ್. ಗಿಡದ ಬುಡದಿಂದ ಬರತಿತ್ತು, ನೆಲದ ಮಟ್ಟಕ.

"ಇಷ್ಟೊತ್ತಿನ್ಯಾಗ ಯಾವ ಹಕ್ಕಿಯೋ ತಮ್ಮಾ?" ಅಂತ ಪಿಸುಗುಟ್ಟಿದೆ.

ಬಸಗೊಂಡ ನಿಂತಬಿಟ್ಟ. ನನ್ನ ಕೈ ಹಿಡದ.

"ಹಕ್ಕಿ ಅಲ್ಲಕ್ಕಾ... ಮೈನಾ."

ಮೈನಾ ಯಾರಂತ ಹೇಳಬೇಕಲ್ಲ ಈಗ. ಆ ಊರಿನ ಸರಕಾರ ಅಂದ್ರ ಇನಾಮದಾರ್ರು. ಇದ್ದವರ ಹುಚ್ಚು ಎಂತೆಂಥಾವೋ ಇರತಾವ, ಇವರದು ಚಿತ್ತಾ ಶಿಕಾರಿ, ಅಂದ್ರ ಚಿಗರಿ ಹಿಡಿಯಾಕ ಚಿರತಿಯಂಥಾ ಚಿತ್ತಾ ಬಿಡೂದು. ಆಫ್ರಿಕಾದಿಂದ ಹಡಗಿನ್ಯಾಗ ತರಸಿದ ಪ್ರಾಣಿ. ಮೈತುಂಬ ಕರಿ ಚುಕ್ಕಿ, ಉದ್ದುದ್ದ ಕಾಲು, ಕಣ್ಣಿಂದ ಬಾಯಿತನ ಎರಡು ಕರಿ ಗೀರು, ಅತ್ತು ಅತ್ತು ಕರೆ ಬಿದ್ದಂಗ. ಹುಲಿ ಹಂಗ ಗರ್ಜಿಸೂದು ಅದಕ್ಕ ಬರೂದಿಲ್ಲ. ಕೂಗಿದ್ರ ಹಕ್ಕಿ ದನಿ. ಅದಕ್ಕ ಮೈನಾ ಅಂತ ಹೆಸರಿಟ್ಟಿದ್ರು.

ಶಿಕಾರಿ ಅಂದ್ರ ಮುಂಬೈಯಿಂದ ಪಾವಣ್ಯಾರು, ಕರಿ ಕನ್ನಡಕದ ಹೆಣಮಕ್ಕಳು. ಬಯಲಾಗ ಡೇರೆ, ಡೇರೆದಾಗ ಗ್ರಾಮೋಫೋನು, ಕೊಲ್ಲಾಪುರದಿಂದ ಲಾರಿ ತುಂಬ ಬರ್ಫ. ಚಿಗರಿ ಎತ್ತಿನ ಗಾಡಿಗೆ ಹೆದರೂದಿಲ್ಲ, ಹಂಗಾಗಿ ಚಿತ್ತಾನ್ನ ಗಾಡಿ ಮ್ಯಾಲೆ ಕೂಡಿಸಿ ಒಯ್ಯೂದು. ಕಣ್ಣು ಮುಚ್ಚೂವಂಗ ತಲಿಗೆ ಚರ್ಮದ ಟೋಪಿ ಕಟ್ಟಿರತಿದ್ರು. ಟೋಪಿ ಇರೂತನ ಅದು ಕುಂತಲ್ಲಿಂದ ಏಳತಿದ್ದಿಲ್ಲ. ಹಂಗ ಕಲಿಸಿದ್ರು. ಚಿಗರಿ ಕಂಡಾಗ ಟೋಪಿ ಬಿಚ್ಚೂದು... ಓಡತಿತ್ತು ನೋಡ್ರಿ! ನೀವು ಉಸರು ಹಿಡದು ಬಿಡೂದ್ರಾಗ ಎಲ್ಲಾ ಮುಗದಿರತಿತ್ತು. ಆಮ್ಯಾಲೆ ಕಟಿಗಿ ಹುಟ್ಟಿನ್ಯಾಗ ಬಿಸಿ ರಕ್ತ ಹಿಡದು ತೋರಸಿದ್ರ, ಬ್ಯಾಟಿ ಬಿಟ್ಟು ಹುಟ್ಟಿಗೆ ತಿರುಗಿ ಬರತಿತ್ತು.

ಆ ಗಾಡಿ ಹೊಡಿಯಾಂವ ನಮ್ಮ ಬಸಗೊಂಡ. ಚಿತ್ತಾ ನೋಡಕೊಳ್ಳೂ ಮುದುಕ ತೀರಕೊಂಡ ಮ್ಯಾಲೆ ಅದರ ಚಾಕರಿನೂ ಇವನ ಕೊಳ್ಳಿಗೆ ಬಿತ್ತು. ಕೊಳ್ಳಾಗ ಲಿಂಗ, ಕೈಯಾಗ ಮಾಂಸದ ಹುಟ್ಟು! ಎರಡು ಕೊಡ ನೀರು ಸುರಕೊಂಡ ಹೊರತು ಹೇಣ್ತಿ ಗೌರವ್ವ ಅವನ್ನ ಹೊಸ್ತಿಲಾ ದಾಟಗೊಡತಿದ್ದಿಲ್ಲ. ಕಡೀಕ ಅಂವ ಮೈನಾನ ಹತ್ತರನ ಹೊರಸು ಹಾಕ್ಕೊಂಡು ಮಲಗಾಕ ಹತ್ತಿದ. ಮಕ್ಕಳಿಲ್ಲದ ಜೀವ. ಅದು ಅವನ ಎದಿ ಮ್ಯಾಲೆ ತಲಿ ಇಟ್ಟು ಗುರ್... ಗುರ್... ಅಂತಿತ್ತು, ಬೀಸೂ ಕಲ್ಲು ತಿರಿಗಿದಂಗ.

ಅರವತ್ತೊಂದರಾಗ ಸರಕಾರ ವಿಲಾಯತಿಗೆ ಹೋದ್ರು. ಹಿಮದಾಗ ಜಾರೂ ಆಟ ಕಲಿಯಾಕಂತ! ಶಿಕಾರಿ ಹುಚ್ಚು ಇಳದಿತ್ತು. ವಾಡೇದಿಂದ ಮಾಂಸ ಬರೂದು ನಿಂತಿತು. ಮೈನಾನ ಎಲುಬು ಕಾಣಾಕ ಹತ್ತಿದ್ವು. ಶ್ರಾವಣದಾಗ ಒಂದಿನ ಬಸಗೊಂಡ ಅದಕ್ಕ ಟೋಪಿ ಕಟ್ಟಿ, ಆ ಆಲದ ಗಿಡದ ಬುಡದಾಗಿನ ತಗಡಿನ ಶೆಡ್ಡಿನ್ಯಾಗ, ಗಾಡಿ ಮ್ಯಾಲೆ ಕೂಡಿಸಿದ. "ಇಲ್ಲೇ ಕುಂದರವ್ವಾ, ಬಂದೆ" ಅಂದ. ಮಾಂಸ ತರಾಕ ಗಡಹಿಂಗ್ಲಜಕ್ಕ ಹೋದ.

ಹೊಳಿ ಬಂತು. ಆರು ದಿನ ಸೇತುವಿ ಮ್ಯಾಲೆ ನೀರು. ಅಂವ ಆಚೇ ದಂಡಿಮ್ಯಾಲೆ ಕುಂತು ಅತ್ತ. ಈಚೇ ಕಡೆ ಊರವರು ಯಾರೂ ಶೆಡ್ಡಿನ ಹತ್ತರ ಸುಳೀಲಿಲ್ಲ. ಅಂಜಿಕಿ.

ಏಳನೇ ದಿನ ಓಡಿ ಬಂದು ನೋಡತಾನ... ಕುಂತಲ್ಲೇ ಕುಂತಿತ್ತು. ಜೀವ ಹೋಗಿತ್ತು. ಕಟ್ಟಿದ ಹಗ್ಗ ಹಳೇದು, ಒಮ್ಮೆ ಜಗ್ಗಿದ್ರ ಹರೀತಿತ್ತು. ಜಗ್ಗಿರಲಿಲ್ಲ. ತಲಿ ಮ್ಯಾಲೆ ಟೋಪಿ ಇತ್ತಲ್ಲ.

ಅಂವ ಅದನ್ನ ನಮ್ಮವರನ್ನ ಮಣ್ಣು ಮಾಡಿದಂಗ ಮಾಡಿದ. ಆ ಗಿಡದ ಬುಡದಾಗನ ಕುಣಿ ತೋಡಿ, ಕುಂತ ಭಂಗಿಯೊಳಗ ಇಳಿಸಿ, ವಿಭೂತಿ ಹಚ್ಚಿ, ಪತ್ರಿ ಹಾಕಿದ. ಪ್ರಾಣಿಗೆ ಇದೆಲ್ಲ ಯಾಕಂತ ಊರು ನಕ್ಕಿತು. ನಗಲಿ ಬಿಡ್ರಿ. ಟೋಪಿ ಬಿಚ್ಚಿ ಆ ಕಣ್ಣು ನೋಡೂ ಧೈರ್ಯ ಅವಂಗ ಆಗಲಿಲ್ಲ. ಹಂಗ ಮಣ್ಣು ಎಳದ.

ಕೂಡಿಸಿ... ಟೋಪಿ ಕಟ್ಟಿ. ಗಾಡಿ ಮ್ಯಾಲೆ ಕೂಡಿಸತಿದ್ದನಲ್ಲ, ಹಂಗ.

"ಮೂರು ವರ್ಷ ಆತಕ್ಕಾ," ಅಂದ ಆ ರಾತ್ರಿ. "ಈ ಹಾದಿಲೆ ಬಂದಾಗೆಲ್ಲ ಕರೀತೈತಿ. ನಾ ಮಾರಿ ತಿರುವಿ ಹೋಗತೇನಿ."

"ಯಾಕ ಕರೀತೈತೋ?"

"ಬಂದೆ ಅಂತ ಹೇಳಿ ಹೋಗಿದ್ನಲ್ಲ..."

ಅಷ್ಟಂದು ಬಿಕ್ಕಿ ಬಿಕ್ಕಿ ಅಳಾಕ ಹತ್ತಿದ. ಯಾಕ ಅಂದೆನೋ ಏನೋ, "ಹಂಗಾರ ಆ ಟೋಪಿ ಬಿಚ್ಚಿ ಬಾರೋ" ಅಂದೆ.

ಹೋದ. ಒಣ ಎಲಿ ಮ್ಯಾಲೆ ಅವನ ಹೆಜ್ಜಿ... ಸರಕ್... ಸರಕ್. ನಿಂತ್ವು. ಚಿಂವ್ ಅನ್ನೂದೂ ನಿಂತಿತು. ಆಮ್ಯಾಲೆ ಗುರ್... ಗುರ್... ಬೀಸೂ ಕಲ್ಲಿನ ಸಪ್ಪಳ. ಸುಳ್ಳಲ್ರಿ, ಕಿವ್ಯಾರ ಕೇಳೀನಿ. ಭಾಳ ಹೊತ್ತು ಕೇಳಿಸಿತು. ಮತ್ತ ಟೋಪಿ ಕಟ್ಟಿದ ಚರ್ಮದ ವಾದಿ ಜಾರಿದ್ದು... ಸರ್ರ್.

ಒಮ್ಮೆಲೆ ಟಪ ಟಪ ಟಪ ಅಂತ ಏನೋ ನನ್ನ ಮಗ್ಗಲದಿಂದ ದಾಟಿ ಬಯಲಿನ ಕಡೆ ಹೋತು. ಗಾಳಿ ಇರಲಿಲ್ಲ ಅಂದ್ನಲ್ಲ, ನನ್ನ ಸೆರಗು ಹಾರಿತು.

"ಮೈನಾ! ಮೈನಾ!" ಬಸಗೊಂಡ ಗಿಡದ ಬುಡದಾಗ ಮೊಣಕಾಲೂರಿ ಕುಂತಿದ್ದ. ಹುಟ್ಟು ಹಿಡದಂಗ ಬರೇ ಕೈ ಮುಂದ ಚಾಚಿದ್ದ. ಬ್ಯಾಟಿ ಬಿಟ್ಟು ಆ ಕೈಗೆ ಬರತಿತ್ತಲ್ಲ ಅದು. ಬೆಳಗ ಹರಿಯೂತನ ಆ ಕೈ ಇಳಿಸಲಿಲ್ಲ.

"ತಿರುಗಿ ಸೈತ ನೋಡಲಿಲ್ಲಕ್ಕಾ" ಅಂದ. ಮುಂದ ಅವನ ಬಾಯಾಗ ಮೈನಾನ ಹೆಸರು ನಾ ಕೇಳಲಿಲ್ಲ. ಗಿಡದ ಬುಡದಾಗ ಆ ದನಿನೂ ಯಾರೂ ಕೇಳಲಿಲ್ಲ.

ಬೆಳಕಾದ ಮ್ಯಾಲೆ ಕುಣಿ ನೋಡಿದೆ. ಮ್ಯಾಲಿನ ಕಲ್ಲು ಇಟ್ಟಲ್ಲೇ ಇದ್ದವು, ಸುತ್ತ ಹುಲ್ಲು ಬೆಳದಿತ್ತು, ಒಂದು ಹಿಡಿ ಮಣ್ಣು ಕದಲಿರಲಿಲ್ಲ. ಆದ್ರ ಬಸಗೊಂಡನ ಎಡಗೈಯಾಗ ಆ ಟೋಪಿ ಇತ್ತು, ವಾದಿ ಬಿಚ್ಚಿದ್ದು. ಇಸಕೊಂಡು ಹೊಳ್ಳಿಸಿ ನೋಡಿದೆ. ನಂಬ್ರಿ, ಬಿಡ್ರಿ, ನಾನ ಬೆರಳು ಹಚ್ಚಿ ನೋಡೀನಿ... ಒಳಗ ಕಣ್ಣು ಬರೂ ಜಾಗಾ ಎರಡೂ ಹಸಿ ಇದ್ವು.