ಬಿರಿಯಾನಿಗೆ ಮಾತ್ರ ಆಹ್ವಾನ

ಯಲಹಂಕದ ಬಸ್ ನಿಲ್ದಾಣದಲ್ಲಿ ತುಂಗಮ್ಮ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಒಂದೇ ಆಫೀಸಿನ ಇಬ್ಬರು ಹುಡುಗಿಯರ ದನಿ ಏರಿತು. ಸ್ತೋತ್ರ ಅರ್ಧಕ್ಕೇ ನಿಂತಿತು.

“ಹಬ್ಬದ ಪಾರ್ಟಿಗೆ ನನ್ ಕೈಲಿ ಬಿರಿಯಾನಿ ಮಾಡಿಸ್ಕೊಂಡು ಹೋದ್ರಿ. ನನ್ನನ್ನ ಯಾಕೆ ಕರೀಲಿಲ್ಲ ಸಂಹಿತಾ?”

“ಅಲ್ಲಿ ವೈನ್ ಇತ್ತು ಕಣೇ ರುಮಾನಾ. ನಿಂಗೆ ಮುಜುಗರ ಆಗುತ್ತೇಂತ...”

“ನನ್ನೇ ಕೇಳ್ಬೋದಿತ್ತಲ್ಲ? ಜಯಂತ್ ನಾನ್‌ವೆಜ್ ತಿನ್ನಲ್ಲ. ಅವನನ್ನ ಕರೆದ್ರಿ!”

“ಅವನು ಮೊಸರನ್ನ ಕಟ್ಕೊಂಡು ಬಂದಿದ್ದ.”

“ನಾನೂ ಜ್ಯೂಸ್ ತರ್ತಿದ್ದೆ!”

“ಸಾರಿ ಕಣೇ. ಎಲ್ರೂ ನಿನ್ ಕೈರುಚೀನ ಎಷ್ಟು ಹೊಗಳಿದ್ರು ಗೊತ್ತಾ?”

“ಹೊಗಳೋವಾಗ ಒಬ್ರಿಗೂ ಅನಿಸ್ಲಿಲ್ವಾ, ಮಾಡಿದೋಳು ಎಲ್ಲಿ ಅಂತ?”

ಬಸ್ ಬಂತು. ಸಂಹಿತಾ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಗೆಳತಿಯನ್ನು ಕರೆದಳು. ಬಸ್ಸು ಹೊರಟಾಗಲೂ ರುಮಾನಾ ಮುಂದುಗಡೆ ಕಂಬಿ ಹಿಡಿದು ನಿಂತೇ ಇದ್ದಳು.