ಬಲಗಡೆಯ ಬಾಗಿಲು

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ದರ್ಜಿ ತನ್ನ ಪ್ಲಾಸ್ಟರ್ ಕಾಲನ್ನು ದಾರಿಗಡ್ಡ ಚಾಚಿ ಕೂತಿದ್ದ. ಪಕ್ಕದಲ್ಲೇ ಗಂಡ ಹೆಂಡತಿ, ಇಬ್ಬರ ಮೈಮೇಲೂ ಒಂದೇ ಬಣ್ಣದ ಕಾರ್ ರ‍್ಯಾಲಿ ಅಂಗಿ. ಗಾಲಿಕುರ್ಚಿಯಲ್ಲಿದ್ದ ಹೆಂಡತಿಯ ಬಲಗೈಗೂ ಬಲಗಾಲಿಗೂ ಪಟ್ಟಿ. ಗಂಡ ಮಾತ್ರ ಆಗತಾನೇ ಇಸ್ತ್ರಿ ಮಾಡಿಟ್ಟಂತಿದ್ದ.

"ನಮ್ಮ ರ‍್ಯಾಲಿ ಕಾರಿಗೆ ಸ್ಟೀರಿಂಗ್ ಎಡಗಡೆ ಯಾಕೆ ಅಂತ ಈಗಲಾದ್ರೂ ಹೇಳ್ತೀರಾ?" ಅಂದಳು ಅವಳು.

"ಅದು ತಯಾರಾದ ದೇಶದಲ್ಲಿ ಎಲ್ಲ ಕಾರಿಗೂ ಎಡಗಡೆನೇ ಕಣೆ. ಅಷ್ಟೇ."

"ಗಂಡಂದಿರ ಪ್ರಾಣ ಉಳಿಸೋಕೆ ಅಂದ್ಕೊಂಡಿದ್ದೆ."

"ಊರಲ್ಲಿ ಇಪ್ಪತ್ತು ವರ್ಷ ಬಲಗಡೆ ಕೂತು ಓಡಿಸಿದೋನು ನಾನು. ಬಲಕ್ಕೆ ಇನ್ನೂ ಅರ್ಧ ಕಾರಿದೆ ಅನ್ನೋದು ಮರೆತುಹೋಗುತ್ತೆ."

"ಆ ಅರ್ಧದಲ್ಲಿ ನಾನಿರ್ತೀನಿ. ನಕ್ಷೆ ಹಿಡಿದು ಮುಂದಿನ ತಿರುವು ಓದಿ ಹೇಳ್ತಾ."

"ಮರಕ್ಕೆ ಮೂರೇ ಸಲ ತಾಗಿದ್ದು."

"ಮೂರೂ ನನ್ನ ಬಾಗಿಲಿಗೇ. ಗುರಿ ಅಂದ್ರೆ ಗುರಿ."

"ಮುಂದಿನ ರ‍್ಯಾಲಿಗೆ ಬರ್ತೀಯ ತಾನೆ?"

"ಬರ್ತೀನಿ. ಸ್ಟೀರಿಂಗ್ ಹಿಡೀತೀನಿ. ನೀವು ಪಕ್ಕದಲ್ಲಿ ಕೂತು ತಿರುವು ಓದಿ. ಆ ಕಡೆಯಿಂದ ಮರಗಳು ತುಂಬಾ ಹತ್ತಿರ ಕಾಣ್ತವೆ."

ಒಳಗಿನಿಂದ ಕರೆ ಬಂತು. ಗಂಡ ಎದ್ದು ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದ. ಅವನ ಬಲಕ್ಕಿದ್ದ ದರ್ಜಿ, ಯಾರೂ ಹೇಳದೆಯೇ, ತನ್ನ ಪ್ಲಾಸ್ಟರ್ ಕಾಲನ್ನು ಎರಡೂ ಕೈಯಿಂದ ಎತ್ತಿ ಬೆಂಚಿನ ಮೇಲಿಟ್ಟುಕೊಂಡ.