ದೇವೀರಮ್ಮನ ಅರ್ಧ ಮಣೆ

ಬನ್ನಿ, ಕೂತ್ಕೊಳ್ಳಿ. ಎಲೆ ಅಡಿಕೆ ಹಾಕೋರು ಹಾಕ್ಕೊಳ್ಳಿ, ಕಾಲು ಚಾಚೋರು ಗೋಡೆ ಕಡೆಗೆ ಚಾಚ್ಕೊಳ್ಳಿ. ಹೂಂಗುಟ್ಟೋಕೆ ಒಬ್ಬರು ಮುಂದೆ ಬನ್ನಿ, ಹೂಂ ಅನ್ನೋರಿಲ್ಲದೆ ನಾನು ಕಥೆ ಹೇಳೋಳಲ್ಲ. ಯಾರು, ನೀನಾ? ಸರಿ. ನಿದ್ದೆ ಬಂದ್ರೆ ಪಕ್ಕದೋರಿಗೆ ಹೂಂ ಒಪ್ಪಿಸಿ ಆಮೇಲೆ ಮಲಗು.

ಒಂದು ನಾಡಂತೆ. ಯಾವ ನಾಡು ಅಂತ ಕೇಳಬೇಡಿ, ಹೆಸರು ಹೇಳಿದ್ರೆ ನಾಳೆ ಅಲ್ಲಿನೋರು ಜಗಳಕ್ಕೆ ಬರ್ತಾರೆ. ಆ ನಾಡಲ್ಲಿ ಒಂದು ಊರಂತೆ. ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿಂದ ಹೊರಟು ಊರು ಸುತ್ತಿ ಹೋಗೋಕೆ ಒಂದು ಕಾಲುವೆ. ಇದನ್ನೆಲ್ಲ ನೋಡ್ಕೊಳ್ಳೋಕೆ ಒಂದು ಪಂಚಾಯ್ತಿ. ಪಂಚಾಯ್ತೀಲಿ ಹತ್ತು ಜನ.

ಹತ್ತು ಜನ ಇದ್ದ ಮೇಲೆ ಪಕ್ಷ ಇರಬೇಡವಾ? ಇತ್ತು. ಮೂರಿತ್ತು. ಕೆರೆ ಏರಿ ಎತ್ತರ ಆಗಬೇಕು ಅನ್ನೋರು ಕೆಂಪು ಟವಲ್ಲು ಹಾಕೋರು, ಅವರು ಏಳು ಜನ. ದಾರಿ ಅಗಲ ಆಗಬೇಕು ಅನ್ನೋರದ್ದು ಹಳದಿ ಟವಲ್ಲು, ಅವರು ಇಬ್ಬರು. ಕಾಲುವೆಯ ಕೊನೇ ಮಡಿಗೂ ನೀರು ಬರಬೇಕು ಅನ್ನೋರದ್ದು ಬಿಳೀ ಟವಲ್ಲು. ಅವರು ಎಷ್ಟು ಜನ? ಒಬ್ಬಳೇ. ಹೆಸರು ದೇವೀರಮ್ಮ. ಉಳಿದೋರ ಟವಲ್ಲು ಹೆಗಲ ಮೇಲಿದ್ರೆ ಇವಳ ಟವಲ್ಲು ತಲೆ ಮೇಲೆ, ಸಿಂಬೆ ಸುತ್ತಿ ಇಟ್ಟಿದ್ದು. ಯಾಕೆ ಅಂದ್ರೆ ಅದರ ಮೇಲೆ ಸೊಪ್ಪಿನ ಕುಕ್ಕೆ ಕೂರಬೇಕಲ್ಲ.

ಕಾಲುವೆ ಮುಗಿಯೋ ಜಾಗಕ್ಕೆ ಆ ಊರಲ್ಲಿ ಬಾಲದ ಕೇರಿ ಅಂತಿದ್ರು. ದೇವೀರಮ್ಮ ಅಲ್ಲಿನೋಳು. ಅಲ್ಲಿ ಮನೆ ಮನೆಗೂ ಸೊಪ್ಪಿನ ಮಡಿ. ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ, ಊರಿನ ಸಾರಿಗೆಲ್ಲ ಅಲ್ಲಿಂದಲೇ ಸೊಪ್ಪು. ತೂಬು ಯಾವತ್ತು ಎತ್ತಬೇಕು, ಯಾರ ಸರದಿ ಮೊದಲು, ಯಾರದ್ದು ಆಮೇಲೆ ಅಂತ ಹೇಳೋದು ನೀರಿನ ಸಮಿತಿ. ಆ ಸಮಿತೀಲಿ ಬಾಲದ ಕೇರಿಯೋರು ಒಬ್ಬರೂ ಇರಲಿಲ್ಲ. ಹಾಗಾಗಿ ಏನಾಗ್ತಿತ್ತು ಹೇಳಿ? ಮೇಲಿನೋರ ಸರದಿ ಬರೋದು, ನಡುವಿನೋರ ಸರದಿ ಬರೋದು, ಬಾಲದ ಕೇರಿ ಸರದಿ ಬರೋ ಹೊತ್ತಿಗೆ ತೂಬು ಇಳಿಸಿಬಿಡೋರು. ಬೇಕು ಅಂತ ಮಾಡ್ತಿದ್ರಾ? ಇಲ್ಲ ಕಣ್ರಪ್ಪ. ಮರೆತುಬಿಡೋರು. ಎದುರಿಗೆ ಇಲ್ಲದೋರನ್ನ ಯಾರು ನೆನೀತಾರೆ? ಹಿಂದಿನ ಬೇಸಿಗೇಲಿ ದೇವೀರಮ್ಮನ ದಂಟಿನ ಮಡಿ ಪೂರ್ತಿ ಬಾಡಿ ನೆಲಕ್ಕೆ ಮಲಗಿತ್ತು. ಇನ್ನೊಂದು ಬೇಸಿಗೆ ಹಾಗೇ ಆದ್ರೆ ಮಡಿ ಬಿಟ್ಟು ಕೂಲಿಗೆ ಹೋಗೋದೇ ಗತಿ ಅಂತ ಕೇರಿಯೋರೆಲ್ಲ ಅವಳ ಮುಂದೆ ಕಣ್ಣೀರು ಹಾಕಿದ್ರು. ಈ ಸಲ ನೀರಿನ ಸಮಿತೀಲಿ ಕೂತೇ ಕೂರ್ತೀನಿ ಅಂತ ಮಾತು ಕೊಟ್ಟಿದ್ಲು.

ಸಮಿತಿಗಳು ಆಗ್ತಿದ್ದದ್ದು ಯುಗಾದಿಯ ಮಾರನೇ ದಿನ, ಹೊಸತೊಡಕಿನ ದಿನ. ಹೊಸತೊಡಕು ಅಂದ ಮೇಲೆ ಗುಡ್ಡೆ ಬಾಡು ಇಲ್ಲದೆ ಇರುತ್ತಾ? ಪಂಚಾಯ್ತಿ ಮನೆ ಮುಂದಿನ ಹುಣಸೇಮರದ ಕೆಳಗೆ ನಾಲ್ಕು ಕುರಿ ಕೊಯ್ದು, ದುಡ್ಡು ಕೊಟ್ಟು ಪಾಲು ಹಾಕಿದೋರಿಗೆಲ್ಲ ಎಲೆ ಹರಡಿ ಗುಡ್ಡೆ ಹಾಕೋರು. ಹಾಕೋನು ಜವರಪ್ಪ. ಎಲ್ಲಾ ಗುಡ್ಡೆಗೂ ಮಾಂಸದ ಜೊತೆ ಒಂದಿಷ್ಟು ಈಲಿ, ಒಂದಿಷ್ಟು ಮೂಳೆ, ಒಂದಿಷ್ಟು ಕೊಬ್ಬು. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಮ್ಮಿಯಿಲ್ಲ.

ಕೆಂಪು ಟವಲ್ಲಿನ ಯಜಮಾನ ಮರಿಗೌಡ. ಕೆಟ್ಟೋನಲ್ಲ, ಬಾಯಿ ಸ್ವಲ್ಪ ದೊಡ್ಡದು, ಬಾಡು ಅಂದ್ರೆ ಪ್ರಾಣ. ಒಂದೇ ಕುರಿಗೆ ಪಾಲು ಹಾಕಿ ಅದು ಮುದಿ ಕುರಿ ಆಗಿಬಿಟ್ರೆ ಹಬ್ಬವೇ ಹಾಳಲ್ವಾ ಅಂತ ಅವನಿಗೆ ಭಯ. ಅದಕ್ಕೆ ಪ್ರತಿ ವರ್ಷ ನಾಲ್ಕು ಕುರಿಗೂ ಅರ್ಧರ್ಧ ಪಾಲು ಹಾಕೋನು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಿ, ಹೊರಗೆ ಜವರಪ್ಪ ಮಚ್ಚು ಹಿಡಿದ, ಒಳಗೆ ಮರಿಗೌಡ ಮಾತು ಹಿಡಿದ. ನಾಲ್ಕು ಸಮಿತಿ, ಒಂದೊಂದಕ್ಕೂ ಐದು ಮಣೆ. ಮಣೆ ಮೇಲೆ ಕೂತೋರೇ ಸಮಿತಿ. ಮೊದಲು ದಾರಿ ಸಮಿತಿ. ಹತ್ತು ಜನಕ್ಕೆ ಐದು ಮಣೆ ಹಂಚಿದ್ರೆ ಕೆಂಪಿಗೆ ಮೂರೂವರೆ, ಹಳದಿಗೆ ಒಂದು, ಬಿಳಿಗೆ ಅರ್ಧ. ಅರ್ಧ ಮಣೆ ಏನು ಮಾಡೋದು, ಕೊಡಲೀಲಿ ಸೀಳೋದಾ? ಮರಿಗೌಡ ಮೀಸೆ ತಿರುವಿ ನಗ್ತಾ ಅಂದ: "ನಮ್ಮದೂ ಅರ್ಧ ಉಳೀತು, ನಿಂದೂ ಅರ್ಧ ಉಳೀತು ದೇವೀರಮ್ಮ. ದೊಡ್ಡೋರ ಅರ್ಧ ದೊಡ್ಡದು. ಮಣೆ ನಮಗಿರಲಿ."

ದೇವೀರಮ್ಮ ಸಿಂಬೆ ಸರಿ ಮಾಡ್ಕೊಂಡ್ಲು. ದಾರಿ ತಾನೇ, ಹೋಗಲಿ ಅಂದ್ಕೊಂಡ್ಲು.

ಆಮೇಲೆ ಸಂತೆ ಸಮಿತಿ. ಅಲ್ಲೂ ಕೆಂಪಿಗೆ ಮೂರೂವರೆ, ಹಳದಿಗೆ ಒಂದು, ಬಿಳಿಗೆ ಅರ್ಧ. ದೊಡ್ಡೋರ ಅರ್ಧ ದೊಡ್ಡದು, ಮಣೆ ನಮಗಿರಲಿ ಅಂದ ಮರಿಗೌಡ. ಅವಳು ಅದನ್ನೂ ಬಿಟ್ಲು. ಆಮೇಲೆ ಗೋಮಾಳದ ಸಮಿತಿ. ಅಲ್ಲೂ ಅದೇ ಲೆಕ್ಕ, ಅದೇ ಮೀಸೆ, ಅದೇ ಮಾತು. ಹಳದಿ ಟವಲ್ಲಿನ ಕೆಂಚಪ್ಪ ಪಕ್ಕದಲ್ಲೇ ಕೂತಿದ್ದ, ಅವನಾದ್ರೂ ಏನಾದ್ರೂ ಅಂದ್ನಾ? ಎಲ್ಲಿ ಅಂತಾನೆ. ತನ್ನ ಒಂದೊಂದು ಮಣೆ ತನಗೆ ಬರ್ತಾ ಇತ್ತು, ಹೊರಗಿನ ಬಾಡಿನ ಕಡೆ ಮೂಗು ಚಾಚಿ ಕೂತಿದ್ದ.

ಕೊನೆಗೆ ನೀರಿನ ಸಮಿತಿ ಬಂತು. ಮರಿಗೌಡ ಬಾಯಿ ತೆಗೆಯೋಕೆ ಮುಂಚೆ ದೇವೀರಮ್ಮ ಎದ್ದು ನಿಂತ್ಲು. ಈ ಒಂದು ಮಣೆ ನಮ್ಮ ಕೇರಿಗೆ ಬಿಡಿ ಅಂತ ಕೇಳಿದ್ಲು. ಮರಿಗೌಡ ತಲೆ ಆಡಿಸಿದ. ನ್ಯಾಯ ಅಂದ್ರೆ ಎಲ್ಲಾ ಕಡೆ ಒಂದೇ ಇರಬೇಕಮ್ಮ, ಮೂರು ಕಡೆ ಒಂದು ನಾಲ್ಕನೇ ಕಡೆ ಇನ್ನೊಂದು ಮಾಡೋಕಾಗಲ್ಲ ಅಂದ.

"ಹಾಗಾದ್ರೆ ನನ್ನ ಅರ್ಧ ನಂದು ಅಂತ ಒಪ್ತೀರಾ ಗೌಡ್ರೇ?"

"ಒಪ್ಪದೆ ಏನು. ಅರ್ಧ ನಿಂದೇ. ಅರ್ಧ ಆಳು ಸಿಕ್ಕಿದ್ರೆ ಕರ್ಕೊಂಡು ಬಂದು ಕೂರಿಸು."

ಎಲ್ಲರೂ ನಕ್ರು. ದೇವೀರಮ್ಮನೂ ನಕ್ಕಳು. ಸೆರಗು ಸಿಗಿಸಿಕೊಂಡು ಬಾಗಿಲ ಹತ್ತಿರ ಹೋದ್ಲು. ಹೋಗಿ ಏನು ಮಾಡಿದ್ಲು ಗೊತ್ತಾ? ಹೊಸಲ ಮೇಲೆ ಕೂತ್ಲು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ.

ಹೊಸಲ ಮೇಲೆ ಕೂರಬಾರದು ಅಂತ ನಮ್ಮ ಮನೇಲೂ ಹೇಳ್ತಾರಲ್ಲ, ಆ ಊರಲ್ಲೂ ಹಾಗೇ. ಏಳಮ್ಮ ತಾಯಿ, ಹಬ್ಬದ ದಿನ ಅದೇನು ಅಪಶಕುನ ಅಂತ ಒಳಗಿದ್ದೋರು ಗದರಿದ್ರು. ಅವಳು ಅಂದ್ಲಂತೆ, ಅರ್ಧ ಆಳು ಕೂರಬೇಕಾದ ಜಾಗ ಇದೇ ಅಲ್ವಾ, ಪೂರ್ತಿ ಒಳಗೆ ಬಂದ್ರೆ ನಿಮ್ಮ ನ್ಯಾಯ ಕೆಡುತ್ತೆ, ಪೂರ್ತಿ ಹೊರಗೆ ಹೋದ್ರೆ ನನ್ನ ಅರ್ಧ ಕೆಡುತ್ತೆ ಅಂತ.

ಉಳಿದೋರು ಆ ಮಣೇನೂ ಕೆಂಪಿಗೇ ಹಾಕಿ, ಕೆಲಸ ಮುಗಿಸಿ ಎದ್ರು. ಎದ್ದ ಮೇಲೆ ಗೊತ್ತಾಯ್ತು ಫಜೀತಿ. ಆ ಮನೆಗಿದ್ದದ್ದು ಒಂದೇ ಬಾಗಿಲು. ಬಾಗಿಲ ತುಂಬ ದೇವೀರಮ್ಮ. ಕೂತೋರನ್ನ ದಾಟಬಹುದಾ? ಚಿಕ್ಕ ಮಕ್ಕಳನ್ನೇ ದಾಟಲ್ಲ ನಾವು. ಇನ್ನು ಸಿಂಬೆ ಸುತ್ತಿದ ತಲೆ, ಊರಿಗೆಲ್ಲ ಸೊಪ್ಪು ಕೊಡೋ ಹೆಂಗಸು, ಅವಳ ಮೇಲೆ ಯಾರು ಕಾಲೆತ್ತಿ ಹೋಗ್ತಾರೆ? ಒಬ್ಬ ಎದ್ದು ಬಂದ, ಅವಳ ಮುಖ ನೋಡಿ ವಾಪಸ್ಸು ಹೋದ. ಇನ್ನೊಬ್ಬ ಬಂದ, ಪಂಚೆ ಎತ್ತಿ ಕಟ್ಟಿ, ಇಳಿಸಿ ವಾಪಸ್ಸು ಹೋದ. ಕೆಂಚಪ್ಪ ಬಂದ, ಕಿಟಕಿ ನೋಡಿದ, ಕಿಟಕಿ ಕಂಬಿ ನೋಡಿದ, ತನ್ನ ಹೊಟ್ಟೆ ನೋಡ್ಕೊಂಡ, ವಾಪಸ್ಸು ಹೋದ.

ಒಳಗೆ ಸೆಕೆ. ಹೊರಗೆ ಮನೆ ಮನೇಲೂ ಮಸಾಲೆ ರುಬ್ಬೋ ವಾಸನೆ.

ಅಷ್ಟೊತ್ತಿಗೆ ಜವರಪ್ಪ ಎಲೆ ಹರಡಿ ಗುಡ್ಡೆ ಹಾಕೋಕೆ ಶುರು ಮಾಡಿದ. ದೇವೀರಮ್ಮ ಹೊರಗಿನ ಕಡೆ ತಿರುಗಿ ಅವನ ಜೊತೆ ಪಿಸುಪಿಸು ಮಾತಾಡಿದ್ಲು. ಹೊರಗಿನ ಅರ್ಧ ಪಂಚಾಯ್ತಿಗೆ ಸೇರಿದ್ದಲ್ವಲ್ಲ, ಎಷ್ಟಾದ್ರೂ ಮಾತಾಡಬಹುದು. ಆಮೇಲೆ ಒಳಗಿನ ಕಡೆ ತಿರುಗಿದ್ಲು.

"ಗೌಡ್ರೇ, ನಿಮ್ಮ ಅರ್ಧರ್ಧ ಪಾಲು ಇದೆಯಲ್ಲ, ಅದನ್ನ ಜವರಪ್ಪ..." ಅಂದು ನಿಲ್ಲಿಸಿಬಿಟ್ಲು.

ಮರಿಗೌಡ ಧಡಕ್ಕನೆ ಎದ್ದ. ಜವರಪ್ಪ ಏನು ಮಾಡ್ತಿದ್ದಾನೆ ಅಂತ ಕೇಳಿದ. ದೇವೀರಮ್ಮ ಬಾಯಿ ಮುಚ್ಚಿ ಕೂತ್ಲು. ಹೇಳಮ್ಮ ಅಂದ. ಕೂತ್ಲು. ನಿನ್ನ ದಮ್ಮಯ್ಯ ಹೇಳು ಅಂದ. ಆಗ ಅಂದ್ಲು, ನನ್ನದು ಅರ್ಧ ಬಾಯಿ, ಅರ್ಧ ಮಾತು ಮುಗೀತು.

ಕೆಂಚಪ್ಪನಿಗೆ ನಗು ತಡೆಯೋಕಾಗದೆ ಟವಲ್ಲು ಬಾಯಿಗೆ ತುರುಕಿಕೊಂಡ. ಮರಿಗೌಡ ಕಿಟಕಿಗೆ ಓಡಿದ. ನೋಡ್ತಾನೆ, ಜವರಪ್ಪ ಮೊದಲನೇ ಕುರಿ ಮುಂದೆ ಅವನ ಅರ್ಧ ಪಾಲನ್ನ ಕೈಲಿ ಹಿಡಿದು ಅತ್ತ ಇತ್ತ ನೋಡ್ತಾ ನಿಂತಿದ್ದಾನೆ. ಏನೋ ಅದು ಅಂತ ಕೂಗಿದ್ದಕ್ಕೆ ಜವರಪ್ಪ ಪಾಪ, ಇದ್ದದ್ದನ್ನೇ ಹೇಳಿದ. ಅರ್ಧ ಲೆಕ್ಕಕ್ಕಿಲ್ಲ ಅಂತ ನೀವೇ ಒಳಗೆ ತೀರ್ಮಾನ ಮಾಡಿದ್ರಂತೆ. ದೊಡ್ಡೋರ ಅರ್ಧ ದೊಡ್ಡದಂತೆ. ಈ ಕುರೀಲಿ ಕೆಂಚಪ್ಪನೋರದ್ದು ಒಂದೂವರೆ ಪಾಲು, ನಿಮ್ಮದು ಬರೀ ಅರ್ಧ. ನಿಮ್ಮ ಅರ್ಧನೂ ಅವರ ಎಲೆಗೆ ಹಾಕಲಾ? ಮುಂದಿನ ಮೂರು ಕುರೀಲೂ ನಿಮಗಿಂತ ದೊಡ್ಡ ಪಾಲಿನೋರು ಇದ್ದಾರೆ ಅಂದ.

ಹಾಗಂದ್ರೆ ಏನಾಯ್ತು? ಒಂದನೇ ಕುರೀಲಿ ಮರಿಗೌಡನಿಗೆ ಏನೂ ಇಲ್ಲ. ಎರಡನೇದರಲ್ಲಿ ಏನೂ ಇಲ್ಲ. ಮೂರು, ನಾಲ್ಕರಲ್ಲೂ ಇಲ್ಲ. ಹೊಸತೊಡಕಿನ ದಿನ ಮರಿಗೌಡನ ಮನೇಲಿ ಬರೀ ಮಸಾಲೆ.

ಅವನಿಗೆ ಎಲ್ಲಿತ್ತೋ ಸಿಟ್ಟು. ಕಿಟಕಿ ಕಂಬಿ ಹಿಡಿದು ಕೇರಿಗೆಲ್ಲ ಕೇಳೋ ಹಾಗೆ ಕೂಗಿದ: "ಲೋ ಜವರ, ಕುರಿ ಕುರಿಗೂ ಬೇರೆ ಬೇರೆ ಲೆಕ್ಕ ಹಾಕ್ತಾರೇನೋ? ನಾಲ್ಕೂ ಕುರೀದು ಒಟ್ಟಿಗೆ ಹಿಡಿ. ನಾಲ್ಕು ಅರ್ಧ ಸೇರಿದ್ರೆ ಎರಡು ಪಾಲು ಆಗುತ್ತೆ. ಪ್ರತಿ ವರ್ಷ ಹಾಗೇ ತಾನೇ ಕೊಡೋದು!"

ಕೂಗಿ ಮುಗಿಸಿದ. ಮರಿಗೌಡ ಕಂಬಿ ಬಿಟ್ಟು ನಿಧಾನಕ್ಕೆ ತಿರುಗಿದ. ಕೆಂಚಪ್ಪ ಅವನ ಮುಖ ನೋಡ್ತಿದ್ದ. ಕೆಂಪು ಪಕ್ಷದ ಉಳಿದ ಆರು ಜನ ತಮ್ಮ ತಮ್ಮ ಕಾಲ ಹೆಬ್ಬೆರಳು ನೋಡ್ತಿದ್ರು. ದೇವೀರಮ್ಮ ಮಾತ್ರ ಯಾರನ್ನೂ ನೋಡದೆ ಹೊಸಲ ಮೇಲೆ ಕೂತು ಸೆರಗಿನ ಅಂಚು ಸರಿ ಮಾಡ್ಕೊಳ್ತಿದ್ಲು.

ಮರಿಗೌಡ ಕೆಟ್ಟೋನಲ್ಲ ಅಂದೆನಲ್ಲ? ತನ್ನ ಬಾಯಿಂದ ಬಂದದ್ದು ನ್ಯಾಯದ ಮಾತು ಅಂತ ಅವನಿಗೇ ಗೊತ್ತಾಯ್ತು. ಮುಖ ಸಣ್ಣಗಾಯ್ತು, ಟವಲ್ಲು ತೆಗೆದು ಬೆವರು ಒರೆಸಿಕೊಂಡ, ಆಮೇಲೆ ನಕ್ಕುಬಿಟ್ಟ. ನಾಲ್ಕೂ ಸಮಿತಿಯ ಮಣೆ ತಂದು ಒಂದೇ ಕಡೆ ಗುಡ್ಡೆ ಹಾಕ್ರಪ್ಪ ಅಂದ.

ತಂದ್ರು. ಇಪ್ಪತ್ತು ಮಣೆ ನಡುಮನೇಲಿ ಒಂದರ ಮೇಲೊಂದು ರಾಶಿ ಬಿತ್ತು. ಒಟ್ಟಿಗೆ ಹಂಚಿ ನೋಡಿದ್ರೆ ಕೆಂಪಿಗೆ ಹದಿನಾಲ್ಕು, ಹಳದಿಗೆ ನಾಲ್ಕು, ಬಿಳಿಗೆ ಎರಡು. ಸೀಳೋದೂ ಇಲ್ಲ, ನುಂಗೋದೂ ಇಲ್ಲ. ದೇವೀರಮ್ಮ ಹೊಸಲಿಂದ ಎದ್ದು ಒಳಗೆ ಬಂದು ಒಂದು ಮಣೆ ನೀರಿನ ಸಮಿತೀಲಿ ಇಟ್ಲು, ಇನ್ನೊಂದು ಸಂತೆ ಸಮಿತೀಲಿ. ಅವಳು ಎದ್ದಿದ್ದೇ ತಡ, ಬಾಗಿಲು ಖಾಲಿ ಆಯ್ತಲ್ಲ, ಒಳಗಿದ್ದೋರು ಒಬ್ಬರ ಮೇಲೊಬ್ಬರು ಬಿದ್ದು ಹುಣಸೇಮರಕ್ಕೆ ಓಡಿದ್ರು. ಮರಿಗೌಡನಿಗೆ ಅವತ್ತು ಎರಡು ತುಂಬು ಗುಡ್ಡೆ ಸಿಕ್ತು.

ಆ ಬೇಸಿಗೇಲಿ ಬಾಲದ ಕೇರಿಗೆ ನೀರು ಬಂತಾ? ಬಂತು. ನೀರಿನ ಸಮಿತೀಲಿ ಮೂವರು ಕೆಂಪಿನೋರು, ಒಬ್ಬ ಹಳದಿಯೋನು, ಒಬ್ಬಳೇ ದೇವೀರಮ್ಮ, ಕೈ ಎತ್ತಿಸಿದ್ರೆ ಸೋಲ್ತಿದ್ಲು. ಆದ್ರೆ ಎದುರಿಗೆ ಕೂತಿರೋಳ ಸರದಿ ಮರೆತ್ವಿ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ನೀರು ಕೊನೇ ಮಡಿ ಮುಟ್ಟಿದ ದಿನ ಅವಳು ದಂಟಿನ ಪಾತೀಲಿ ಕಾಲಿಟ್ಟು ನಿಂತು ಅತ್ತಳಂತೆ, ಸಂತೋಷಕ್ಕೆ.

ಕಥೆ ಮುಗೀತು ಅಂತ ಏಳಬೇಡಿ, ಬಾಲ ಇನ್ನೂ ಇದೆ.

ವರ್ಷ ಹೋದ್ವು. ಕೆರೆ ಏರಿ ಎತ್ತರ ಆಯ್ತು. ಆದ ಮೇಲೆ ಏರಿ ಎತ್ತರ ಮಾಡ್ತೀವಿ ಅನ್ನೋ ಪಕ್ಷ ಯಾರಿಗೆ ಬೇಕು? ಕೆಂಪು ಟವಲ್ಲು ಒಂದೊಂದಾಗಿ ಹೆಗಲಿಂದ ಇಳೀತು. ಬಿಳೀ ಟವಲ್ಲು ಏಳಾಯ್ತು. ಪಂಚಾಯ್ತೀಲಿ ಕೆಂಪಿಗೆ ಉಳಿದೋನು ಒಬ್ಬನೇ, ಕೂದಲು ನೆರೆತ ಮರಿಗೌಡ.

ಹೊಸತೊಡಕು ಬಂತು. ಪಂಚಾಯ್ತಿ ಸೇರ್ತು. ಯಜಮಾನಿಕೆ ದೇವೀರಮ್ಮಂದು. ಮರಿಗೌಡ ಕೋಲು ಊರ್ಕೊಂಡು ಬಂದ, ಒಳಗೆ ಒಂದು ಸಲ ನೋಡಿದ, ಬಿಳೀ ಟವಲ್ಲುಗಳನ್ನ ನೋಡಿದ. ತಾನು ಅವತ್ತು ಅಂದಿದ್ದ ಮಾತು ನೆನಪಾಯ್ತೋ ಏನೋ. ಯಾರೂ ಏನೂ ಹೇಳೋಕೆ ಮುಂಚೆ ತಾನಾಗೇ ಹೊಸಲ ಮೇಲೆ ಕೂತ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಕಿರಿಯರು ಒಂದಿಬ್ಬರು ಕಿಸಕ್ಕನೆ ನಕ್ರು. ದೇವೀರಮ್ಮ ನಗಲಿಲ್ಲ. ಎದ್ದು ಬಾಗಿಲಿಗೆ ಬಂದು ಕೈ ಚಾಚಿದ್ಲು.

"ಏಳಿ ಗೌಡ್ರೇ, ಹೊಸಲ ಮೇಲೆ ಕೂರಬಾರದು. ನಿಮ್ಮ ಮಣೆ ಒಳಗಿದೆ."

ಮುದುಕ ತಲೆ ಎತ್ತಿ ನೋಡಿದ. "ಅರ್ಧಾನಾ?"

"ಎರಡು. ಎರಡೂ ಇಡೀದು. ಯಾವ ಸಮಿತೀಲಿ ಹಾಕಲಿ ಹೇಳಿ."

ಮರಿಗೌಡ ಅವಳ ಕೈ ಹಿಡ್ಕೊಂಡು ಎದ್ದ. ಒಂದು ಮಣೆ ನೀರಿನ ಸಮಿತೀಲಿ ಹಾಕಿಸಿಕೊಂಡು ಅವಳ ಪಕ್ಕದಲ್ಲೇ ಕೂತ. ಹೊರಗೆ ಜವರಪ್ಪ ಗುಡ್ಡೆ ಹಾಕ್ತಿದ್ದ. ಆ ವರ್ಷವೂ ಗೌಡ ನಾಲ್ಕು ಕುರಿಗೂ ಅರ್ಧರ್ಧ ಪಾಲು ಹಾಕಿದ್ದ ಅನ್ನೋದನ್ನ ಬೇರೆ ಹೇಳಬೇಕಾ?

ಇವತ್ತಿಗೂ ಆ ಊರಲ್ಲಿ ಮೊದಲು ಮಣೆ ಗುಡ್ಡೆ ಹಾಕ್ತಾರೆ, ಆಮೇಲೆ ಬಾಡು ಗುಡ್ಡೆ ಹಾಕ್ತಾರೆ. ಅವರ ಮಣೆ ಅವರಿಗೆ ತಣ್ಣಗಿರಲಿ, ನಮ್ಮ ಚಾಪೆ ನಮಗೆ ಬೆಚ್ಚಗಿರಲಿ. ಹೂಂ ಅಂದೋರಿಗೆ ಒಂದು ತುಂಬು ಪಾಲು, ನಿದ್ದೆ ಮಾಡಿದೋರಿಗೆ ಅರ್ಧ. ಏಯ್, ಅರ್ಧದೋರು ಹೊಸಲ ಕಡೆ ಹೋಗಬೇಡಿ, ನಾನು ಮನೆಗೆ ಹೋಗಬೇಕು.